ಬುಕಿಂಗ್ ಇಲ್ಲದೆ ಡಿಸ್ನಿಯಲ್ಲಿ ಮೂರು ದಿನ ಉಂಡಿದ್ದು

"ದುಡ್ಡು ಕೊಟ್ಟು ಊಟ ಮಾಡೋದಕ್ಕೂ ಎರಡು ತಿಂಗಳು ಮುಂಚೆ ಹೇಳ್ಬೇಕಾ? ಅದೇನು ಮದುವೆ ಛತ್ರಾನಾ?"

ಅಮ್ಮ ಹೀಗೆ ಕೇಳಿದ್ದು ಡಿಸೆಂಬರ್ ಎರಡನೇ ವಾರದಲ್ಲಿ, ಅಮೆರಿಕದ ಷಾರ್ಲೆಟ್‌ ಊರಿನ ನಮ್ಮ ಅಡುಗೆಮನೆಯಲ್ಲಿ, ಚಪಾತಿ ಲಟ್ಟಿಸುತ್ತಾ. ನಾನು ಪಕ್ಕದಲ್ಲಿ ಫೋನ್ ಹಿಡಿದು ನಿಂತಿದ್ದೆ. ಆರು ಜನ, 27ನೇ ತಾರೀಕು, ಮಧ್ಯಾಹ್ನದ ಊಟ. ಇಲ್ಲ. ಸಂಜೆ? ಇಲ್ಲ. 28? ಇಲ್ಲ. ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡಿನಲ್ಲಿ ಕೂತು ಉಣ್ಣುವ ಜಾಗಗಳಿಗೇನೂ ಬರವಿಲ್ಲ. ಆದರೆ ಕ್ರಿಸ್‌ಮಸ್‌ಗೂ ಹೊಸ ವರ್ಷಕ್ಕೂ ನಡುವಿನ ಆ ವಾರದಲ್ಲಿ, ನಾನು ಹುಡುಕಿದ ಒಂದರಲ್ಲೂ ಆರು ಕುರ್ಚಿ ಒಟ್ಟಿಗೆ ಖಾಲಿ ಇರಲಿಲ್ಲ.

ಅಲ್ಲಿನ ಪದ್ಧತಿ ಹೀಗಿದೆ. ಟೇಬಲ್ ಬುಕಿಂಗ್ 60 ದಿನ ಮುಂಚೆ ಶುರುವಾಗುತ್ತದೆ. ಡಿಸ್ನಿಯದೇ ಹೋಟೆಲಿನಲ್ಲಿ ಉಳಿಯುವವರಿಗೆ ಇನ್ನೊಂದು ಅನುಕೂಲ. ಅವರು ಬಂದಿಳಿಯುವ ದಿನಕ್ಕೆ 60 ದಿನ ಇದೆ ಅನ್ನುವಾಗ, ಆ ಒಂದು ದಿನದ್ದಷ್ಟೇ ಅಲ್ಲ, ಉಳಿಯುವಷ್ಟೂ ದಿನದ್ದು, ಹತ್ತು ದಿನದವರೆಗೆ, ಒಂದೇ ಸಲಕ್ಕೆ ಹಿಡಿದುಕೊಳ್ಳಬಹುದು. ಬೆಳಗಿನ ಜಾವ ಎದ್ದು ಕೂತು ಬುಕ್ ಮಾಡುವವರಿದ್ದಾರೆ. ತತ್ಕಾಲ್ ಟಿಕೆಟ್ ಹಿಡಿದವರಿಗೆ ಆ ಬೆರಳಿನ ಚಳಕ ಗೊತ್ತಿರುತ್ತದೆ. ನಮ್ಮದೋ, ಹೊರಡುವುದು ನಿಕ್ಕಿಯಾಗಿದ್ದೇ ಎರಡು ವಾರ ಇರುವಾಗ. ನನ್ನ ಹೆಂಡತಿಗೆ ರಜೆ ಸಿಕ್ಕಿದ್ದು ತಡವಾಗಿ. ಅಪ್ಪ ಅಮ್ಮ ತಿಪಟೂರಿನಿಂದ ಬಂದು ಮೂರು ತಿಂಗಳಾಗಿತ್ತು, ಜನವರಿಯಲ್ಲಿ ವಾಪಸು ಟಿಕೆಟ್. ತಾತ ಅಜ್ಜಿಗೆ ಡಿಸ್ನಿ ತೋರಿಸಲೇಬೇಕು ಅಂತ ಮಕ್ಕಳದು ಒಂದೇ ಹಟ.

ಟೇಬಲ್ಲೇ ಯಾಕೆ ಬೇಕು ಅಂತ ನೀವು ಕೇಳಬಹುದು. ಕ್ವಿಕ್ ಸರ್ವಿಸ್ ಅಂತ ಇದೆ. ಫೋನಿನಲ್ಲೇ ಆರ್ಡರ್ ಮಾಡಿ, ಟ್ರೇ ಎತ್ತಿಕೊಂಡು ಬಂದು, ಜಾಗ ಹುಡುಕಿ ಕೂತರೆ ಆಯಿತು. ನಾವಿಬ್ಬರೇ ಆಗಿದ್ದರೆ, ಮಕ್ಕಳ ಜೊತೆಯಾದರೂ ಸರಿ, ಮೂರು ದಿನ ಅದರಲ್ಲೇ ಕಳೆಯುತ್ತಿದ್ದೆವು. ಆದರೆ ಅಪ್ಪನಿಗೆ ಸಕ್ಕರೆ ಕಾಯಿಲೆ, ಮಂಡಿ ನೋವು ಬೇರೆ. ಮಧ್ಯಾಹ್ನ ಹನ್ನೆರಡೂವರೆಗೆ ಊಟ ಆಗಬೇಕು. ಊಟ ಆದ ಮೇಲೆ ಅರ್ಧ ಗಂಟೆಯಾದರೂ ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಕೂರಬೇಕು. ಅಮ್ಮ ಮೊಟ್ಟೆಯನ್ನೂ ಮುಟ್ಟುವವರಲ್ಲ. ಏನು ಹಾಕಿದ್ದಾರೆ ಅಂತ ಕೇಳಿ ತಿಳಿದುಕೊಳ್ಳಲು ಎದುರಿಗೆ ಒಬ್ಬ ಮನುಷ್ಯ ಬೇಕು.

"ಊಟ ನಾನು ಕಟ್ಕೊಂಡ್ ಬರ್ತೀನಿ. ನೀನು ಕೂರೋಕೆ ಜಾಗ ನೋಡು ಸಾಕು" ಅಂದರು ಅಮ್ಮ. ಆ ಮಾತಿನಿಂದ ನನ್ನ ತಲೆಬಿಸಿ ಅರ್ಧ ಇಳಿಯಿತು. ಯಾವ ಹೋಟೆಲು ಚೆನ್ನಾಗಿದೆ ಅಂತ ಹುಡುಕುವುದನ್ನು ಬಿಟ್ಟೆ. ಯಾವುದರಲ್ಲಿ ಕುರ್ಚಿ ಸಿಗುತ್ತದೆ ಅಂತ ಹುಡುಕತೊಡಗಿದೆ.

ಮೊದಲ ದಿನ ಎಪ್ಕಾಟ್, ಡಿಸ್ನಿ ವರ್ಲ್ಡಿನ ಪಾರ್ಕುಗಳಲ್ಲೊಂದು. ಹತ್ತಿರದ ಊರು ಕಿಸಿಮ್ಮಿಯಲ್ಲಿ ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿದಿದ್ದೆವು. ಅಮ್ಮ ಐದು ಗಂಟೆಗೇ ಎದ್ದು ಚಪಾತಿ, ಆಲೂಗಡ್ಡೆ ಪಲ್ಯ, ಚಟ್ನಿಪುಡಿ ಕಟ್ಟಿದ್ದರು. ಪಾರ್ಕಿನೊಳಗೆ ಹೊರಗಿನ ತಿಂಡಿ ಒಯ್ಯಬಹುದು. ಗಾಜಿನ ಬಾಟಲಿ, ಮದ್ಯ ಮಾತ್ರ ಇರಬಾರದು. ಇದು ನಮ್ಮ ಜನರಲ್ಲಿ ಬಹಳಷ್ಟು ಮಂದಿಗೆ ಗೊತ್ತಿಲ್ಲ, ಸುಮ್ನೆ ಹೆದರಿ ಬರಿಗೈಲಿ ಬರುತ್ತಾರೆ. ಬಾಗಿಲಲ್ಲಿ ತಪಾಸಣೆ ಮಾಡುವ ಹೆಂಗಸು ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದು ಚಟ್ನಿಪುಡಿ ನೋಡಿದಳು. ಮೂಗಿನ ಹತ್ತಿರ ತಂದಳು. ಒಂದು ಸೀನು ಸೀನಿದಳು. "ಸ್ಪೈಸಿ?" ಅಂದಳು. ಅಮ್ಮ ಹೆಮ್ಮೆಯಿಂದ ತಲೆಯಾಡಿಸಿದರು. ಡಬ್ಬಿ ಒಳಗೆ ಬಂತು.

ಎಪ್ಕಾಟ್‌ನ ಹಿಂಭಾಗದಲ್ಲಿ ಒಂದು ದೊಡ್ಡ ಕೆರೆ ಇದೆ. ಅದರ ಸುತ್ತ ಹನ್ನೊಂದು ದೇಶಗಳ ಅಂಗಳಗಳು. ಮೆಕ್ಸಿಕೊದಿಂದ ಶುರುವಾಗಿ ಕೆನಡಾದಲ್ಲಿ ಮುಗಿಯುತ್ತವೆ. ಒಂದು ಸುತ್ತಿಗೆ ಸುಮಾರು ಎರಡು ಕಿಲೋಮೀಟರ್. ಆ ಭಾಗ ಬಾಗಿಲು ತೆಗೆಯುವುದು ಬೆಳಗ್ಗೆ 11ಕ್ಕೆ. "ನಮ್ಮ ದೇಶ ಎಲ್ಲಿ?" ಅಂತ ಅಪ್ಪ ನಕಾಶೆ ಹಿಡಿದು ಹುಡುಕಿದರು. ಇಲ್ಲ. 1982ರಲ್ಲಿ ಎಪ್ಕಾಟ್ ಶುರುವಾದಾಗಲೂ ಇರಲಿಲ್ಲ, ಈಗಲೂ ಇಲ್ಲ. "ಇದ್ದಿದ್ರೆ ಊಟದ ಚಿಂತೆ ಇರ್ತಿರ್ಲಿಲ್ಲ" ಅಂದರು. ಇದ್ದಿದ್ದರೆ ಅದರ ಮುಂದಿನ ಸಾಲು ಎಷ್ಟುದ್ದ ಇರುತ್ತಿತ್ತೋ ಅಂತ ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಬುಕ್ ಮಾಡಿದವರು ಊಟಕ್ಕೆ ಎರಡು ಗಂಟೆ ಮುಂಚಿನವರೆಗೂ ರದ್ದು ಮಾಡಬಹುದು. ಅದಾದ ಮೇಲೆ ರದ್ದು ಮಾಡಿದರೆ, ಇಲ್ಲವೇ ಬರದೇ ಹೋದರೆ, ಸಾಮಾನ್ಯವಾಗಿ ತಲೆಗೆ 10 ಡಾಲರ್ ದಂಡ. ಎರಡು ತಿಂಗಳು ಮುಂಚೆ ಆಸೆಪಟ್ಟು ಹಿಡಿದಿದ್ದವರು ಆ ದಿನ ಬೆಳಗ್ಗೆ ಮನಸ್ಸು ಬದಲಾಯಿಸುತ್ತಾರೆ. ಮಗುವಿಗೆ ಜ್ವರ ಬಂದಿರುತ್ತದೆ, ಬೇರೆ ಪಾರ್ಕಿಗೆ ಹೋಗೋಣ ಅನ್ನಿಸಿರುತ್ತದೆ. ದಂಡ ತಪ್ಪಿಸಿಕೊಳ್ಳಲು ಎರಡು ಗಂಟೆ ಇರುವಾಗ ಬಿಟ್ಟುಕೊಡುತ್ತಾರೆ. ಹಾಗಾಗಿ ಹನ್ನೆರಡೂವರೆ ಊಟಕ್ಕೆ ಹತ್ತೂಕಾಲರಿಂದ ಹತ್ತೂವರೆ ಒಳಗೆ ಫೋನ್ ನೋಡುತ್ತಾ ಇರಬೇಕು. ಇದು ಆಫೀಸಿನ ಸ್ನೇಹಿತನೊಬ್ಬ ಹೇಳಿಕೊಟ್ಟ ಗುಟ್ಟು.

ನೋಡಿದೆ. 10:22ಕ್ಕೆ ಇಟಲಿ ಅಂಗಳದ ವಿಯಾ ನಾಪೊಲಿ ಹೋಟೆಲಿನಲ್ಲಿ ನಾಲ್ಕು ಜನಕ್ಕೆ 12:25ರ ಟೇಬಲ್ ಕಾಣಿಸಿತು. ನನ್ನ ಎದೆ ಹೊಡೆದುಕೊಂಡ ರೀತಿ ನೆನೆದರೆ ಈಗ ನಗು ಬರುತ್ತದೆ. ಹೆಂಡತಿ ಕಡೆ ತಿರುಗಿ, "ನಾಲ್ಕೇ ಜನಕ್ಕಿದೆ, ಏನ್ಮಾಡೋಣ? ಇಬ್ಬರು ಹೊರಗೆ..." ಅನ್ನುವಷ್ಟರಲ್ಲಿ ಹೋಗಿತ್ತು. ಇನ್ಯಾರೋ ಹಿಡಿದರು. "ಮೊದ್ಲು ಒತ್ತು, ಆಮೇಲೆ ಮೀಟಿಂಗ್ ಮಾಡು" ಅಂದಳು ಅವಳು. ಸರಿಯಾಗಿಯೇ ಹೇಳಿದಳು. ಎರಡು ಗಂಟೆ ಇರುವವರೆಗೂ ಬಿಟ್ಟುಕೊಡಲು ಕಾಸು ಖರ್ಚಿಲ್ಲ, ಒತ್ತಲು ಯಾಕೆ ಯೋಚಿಸಬೇಕು?

ಆದರೂ ಹನ್ನೊಂದೂವರೆಗೆ ಅದೇ ವಿಯಾ ನಾಪೊಲಿಯ ಬಾಗಿಲಿಗೇ ಹೋದೆ. ಒಳಗೆ ಕಟ್ಟಿಗೆಯ ಮೂರು ದೊಡ್ಡ ಒಲೆಗಳಿವೆ. ಅವುಗಳ ಹೆಸರು ಎಟ್ನಾ, ವೆಸುವಿಯೊ, ಸ್ಟ್ರಾಂಬೊಲಿ. ಇಟಲಿಯ ಮೂರು ಜ್ವಾಲಾಮುಖಿಗಳವು. ಬಾಯಿ ತೆರೆದ ಮುಖದ ಹಾಗಿರುವ ಒಲೆಗಳನ್ನು ಮಗ ಹೊರಗಿನಿಂದಲೇ ಇಣುಕಿ ನೋಡಿದ. ಬಾಗಿಲಲ್ಲಿದ್ದ ಹುಡುಗಿ ನಯವಾಗಿ ತಲೆಯಾಡಿಸಿದಳು. ಈಗ ಪಟ್ಟಿ ಮುಚ್ಚಿದೆ, ಸರ್.

ಪಟ್ಟಿ ಅಂದಳಲ್ಲ, ಅದೇ ಇಲ್ಲಿನ ಜೀವಾಳ. ವಾಕ್-ಅಪ್ ಲಿಸ್ಟ್. ಬುಕಿಂಗ್ ಇಲ್ಲದೆ ಬಂದವರು ಹೆಸರು ಕೊಟ್ಟು ಕಾಯುವ ಪಟ್ಟಿ. ಡಿಸ್ನಿಯ ಆ್ಯಪಿನಲ್ಲಿ ಆಯಾ ಹೋಟೆಲಿನ ಪುಟದಲ್ಲಿ ಅದಕ್ಕೊಂದು ಗುಂಡಿ ಇರುತ್ತದೆ. ಮನೆಯಲ್ಲಿ ಕೂತು ಒತ್ತಲು ಆಗುವುದಿಲ್ಲ, ಹೋಟೆಲಿನ ಹತ್ತಿರವೇ ಇರಬೇಕು. ಎಷ್ಟು ಜನ ಅಂತ ಹಾಕಿದರೆ ಎಷ್ಟು ಹೊತ್ತು ಕಾಯಬೇಕು ಅನ್ನುವ ಅಂದಾಜು ಬರುತ್ತದೆ. ಸರದಿ ಬಂದಾಗ ಫೋನಿಗೆ ಸಂದೇಶ. ತಕ್ಷಣ ಬಾಗಿಲಿಗೆ ಹೋಗಿ ನಿಲ್ಲಬೇಕು. ಜನ ತುಂಬಿಬಿಟ್ಟರೆ ಪಟ್ಟಿಯನ್ನೇ ಮುಚ್ಚುತ್ತಾರೆ, ಸ್ವಲ್ಪ ಖಾಲಿಯಾದರೆ ಮತ್ತೆ ತೆಗೆಯುತ್ತಾರೆ.

ಇದನ್ನೆಲ್ಲ ನಾನು ಅಪ್ಪನಿಗೆ ಐದು ನಿಮಿಷ ವಿವರಿಸಿದೆ. ಅವರು ಕೇಳಿಸಿಕೊಂಡು, "ಅಂದ್ರೆ ವಿದ್ಯಾರ್ಥಿ ಭವನದಲ್ಲಿ ಹೆಸರು ಬರೆಸ್ತೀವಲ್ಲ, ಅದೇ ತಾನೆ?" ಅಂದರು.

ಅದೇ! ಅಪ್ಪ ಓದುವಾಗ ಗಾಂಧಿ ಬಜಾರಿನ ಹತ್ತಿರ ರೂಮು ಮಾಡಿಕೊಂಡಿದ್ದವರು. 1943ರಿಂದ ನಡೆಯುತ್ತಿರುವ ಆ ಹೋಟೆಲಿನ ದೋಸೆಗೆ ಕಾಯುವುದರಲ್ಲಿ ಅವರದು ಡಿಗ್ರಿಗಿಂತ ದೊಡ್ಡ ಸಾಧನೆ. ಅಲ್ಲಿಂದ ಮುಂದೆ ಅವರೇ ನಮ್ಮ ಸಲಹೆಗಾರರಾದರು. "ಬಾಗಿಲಲ್ಲಿ ಇರೋರ ಹತ್ರ ಮಾತಾಡು. ಬೋರ್ಡ್ ನೋಡಿ ವಾಪಸ್ ಬರ್ಬೇಡ." ಎರಡನೆಯ ಸಲಹೆ: "ಎಲ್ಲರೂ ನಿಂತಿರೋ ಕಡೆ ನೀನೂ ಯಾಕೆ ನಿಲ್ತೀಯ? ಪಕ್ಕದ ಹೋಟ್ಲು ನೋಡು."

ಪಕ್ಕದ ಹೋಟ್ಲು ಅಂತ ಅಮೆರಿಕ, ಜಪಾನ್ ದಾಟಿ ಮೊರಾಕ್ಕೊಗೆ ಹೋದೆವು. ಮೊರಾಕ್ಕೊದ ದೊರೆ ಎರಡನೇ ಹಸನ್ ತನ್ನ ದೇಶದ ಕುಶಲಕರ್ಮಿಗಳನ್ನೇ ಕಳಿಸಿ ಕಟ್ಟಿಸಿಕೊಟ್ಟ ಅಂಗಳ ಅದು. ಗೋಡೆಯ ಹೆಂಚುಚೂರುಗಳ ಚಿತ್ತಾರವನ್ನು ಅಪ್ಪ ಕೈಯಿಂದ ಸವರಿ ಸವರಿ ನೋಡಿದರು. ಕೆರೆಯ ದಂಡೆಯಲ್ಲಿ ಸ್ಪೈಸ್ ರೋಡ್ ಟೇಬಲ್ ಅಂತ ಒಂದು ಹೋಟೆಲಿದೆ. ಅಲ್ಲಿ ಡಿಸ್ನಿ ಸಿನಿಮಾಗಳ ರಾಜಕುಮಾರಿಯರ ವೇಷದವರು ಬಂದು ಫೋಟೊ ತೆಗೆಸಿಕೊಳ್ಳುವುದಿಲ್ಲ, ಹಾಗಾಗಿ ಮಕ್ಕಳಿರುವವರ ಪೈಪೋಟಿ ಕಡಿಮೆ. ಪಟ್ಟಿ ತೆರೆದಿತ್ತು. ಆರು ಜನಕ್ಕೆ ಇಪ್ಪತ್ತು ನಿಮಿಷ. ಹದಿನೈದಕ್ಕೇ ಕರೆದರು. ಹನ್ನೆರಡೂವರೆಗೆ ಐದು ನಿಮಿಷ ಇರುವಾಗ ಅಪ್ಪ ಕುರ್ಚಿಯಲ್ಲಿದ್ದರು, ಕಾಲು ಚಾಚಿಕೊಂಡು, ನೀರಿನ ಕಡೆ ಮುಖ ಮಾಡಿ.

ಹಮ್ಮಸ್ ಫ್ರೈಸ್ ಅಂತ ತಂದಿಟ್ಟರು. ಕಡಲೆಯನ್ನು ರುಬ್ಬಿ, ಬೆರಳುದ್ದ ಮಾಡಿ, ಕರಿದದ್ದು. ಅಮ್ಮ ಒಂದನ್ನು ಮುರಿದು ಒಳಗೆ ನೋಡಿದರು. "ಉಪ್ಪಿದೆ, ಖಾರ ಇಲ್ಲ. ನಮ್ಮ ಬೋಂಡಕ್ಕೆ ದೂರದ ನೆಂಟ" ಅಂದು ಇನ್ನೆರಡು ತೆಗೆದುಕೊಂಡರು.

ಸಂಜೆ ಮಾತ್ರ ಎಡವಟ್ಟಾಯಿತು. ಹೋಟೆಲಿನ ಹೆಸರು ಬೇಡ, ತಪ್ಪು ನನ್ನದೇ. ಪಟ್ಟಿಗೆ ಹೆಸರು ಹಾಕಿದೆ, ಐವತ್ತು ನಿಮಿಷ ಅಂತ ತೋರಿಸಿತು. ಅಷ್ಟರಲ್ಲಿ ಒಂದು ರೈಡ್ ಮುಗಿಸೋಣ ಅಂತ ಸಾಲಿನಲ್ಲಿ ನಿಂತೆವು. ಮಗ ಬೋರ್ ಅಂದ, ಫೋನ್ ಕೊಟ್ಟೆ. ಬೆಳಗ್ಗಿನಿಂದ ನಾನೇ ಅದನ್ನು ನಿಮಿಷಕ್ಕೆರಡು ಸಲ ತಿಕ್ಕಿ ತಿಕ್ಕಿ ಬ್ಯಾಟರಿ ಕರಗಿಸಿದ್ದೆ, ಉಳಿದದ್ದನ್ನು ಅವನು ಆಟ ಆಡಿ ಮುಗಿಸಿದ. ಕಪ್ಪು ಪರದೆ. ಪವರ್ ಬ್ಯಾಂಕ್ ಕಾರಿನಲ್ಲಿ ಹಾಯಾಗಿ ಮಲಗಿತ್ತು. ಓಡಿ ಹೋಗಿ ಕೇಳಿದರೆ, ನಮ್ಮ ಹೆಸರು ಕರೆದು, ಕಾದು, ಅಳಿಸಿ ಇಪ್ಪತ್ತು ನಿಮಿಷವಾಗಿತ್ತು. ಪಟ್ಟಿ ಮುಚ್ಚಿತ್ತು.

ಆಗ ಹೊರಬಂತು ಸ್ಟೀಲ್ ಡಬ್ಬಿ. ಕೆರೆಯ ದಂಡೆಯ ಬೆಂಚಿನ ಮೇಲೆ ಆರು ಜನ ಒತ್ತಿಕೊಂಡು ಕೂತೆವು. ಬಿಸಿಲಿಳಿದ ಮೇಲೆ ಫ್ಲಾರಿಡಾದಲ್ಲೂ ಡಿಸೆಂಬರ್ ಡಿಸೆಂಬರ್ರೇ. ಚಳಿಗೆ ಚಪಾತಿ ತಣ್ಣಗಾಗಿ ಚರ್ಮದ ಹಾಗಾಗಿತ್ತು. ಅಮ್ಮ ಒಂದೊಂದರ ಮೇಲೂ ಪಲ್ಯ ಹರಡಿ, ಚಟ್ನಿಪುಡಿ ಉದುರಿಸಿ, ಸುರುಳಿ ಸುತ್ತಿ ಕೈಗೆ ಕೊಟ್ಟರು. ಒಂಬತ್ತಕ್ಕೆ ಪಟಾಕಿ ಶುರುವಾಯಿತು, ಆಕಾಶ ಕೆಂಪಾಯಿತು, ನೀಲಿಯಾಯಿತು. ನನಗೆ ಹೊಳೆದದ್ದು ಬೇರೆ. ದಂಡೆಯ ಹೋಟೆಲುಗಳನ್ನು ಬಿಟ್ಟರೆ ಉಳಿದವುಗಳ ಬಾಗಿಲಲ್ಲಿ ಈಗ ಯಾರೂ ಇರಲಿಲ್ಲ. ಎಲ್ಲರೂ ಪಟಾಕಿ ನೋಡುತ್ತಿದ್ದರು. ತಡವಾಗಿ ಉಣ್ಣುವವರಿಗೆ ಇದೇ ಸಮಯ. ನಮ್ಮಂತೆ ಸಕ್ಕರೆ ಮಾತ್ರೆ ನುಂಗುವವರನ್ನು ಕರೆದುಕೊಂಡು ಹೋದವರಿಗಲ್ಲ.

ಎರಡನೇ ದಿನ ಮ್ಯಾಜಿಕ್ ಕಿಂಗ್‌ಡಮ್. 1971ರಲ್ಲಿ ಮೊದಲು ತೆರೆದ ಪಾರ್ಕು, ಸಿಂಡ್ರೆಲಾ ಕೋಟೆ ಇರುವಂಥದ್ದು. ಕೋಟೆಯೊಳಗೇ ಊಟದ ಮನೆ ಇದೆ. ಅದನ್ನು ಬುಕಿಂಗ್ ಇಲ್ಲದೆ ಕೇಳುವುದು ಅಂದರೆ ಏಕಾದಶಿ ದಿನ ತಿರುಪತಿಗೆ ಹೋಗಿ ತಕ್ಷಣ ದರ್ಶನ ಕೇಳಿದ ಹಾಗೆ. ಅತ್ತ ತಲೆ ಹಾಕಲಿಲ್ಲ.

ನನ್ನ ಕಣ್ಣಿದ್ದದ್ದು ಅದೇ ಪಾರ್ಕಿನ ಅಡ್ವೆಂಚರ್‌ಲ್ಯಾಂಡ್ ಭಾಗದ ಸ್ಕಿಪ್ಪರ್ ಕ್ಯಾಂಟೀನ್ ಮೇಲೆ. ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ನಿಂತೆವು. ಆರು ಜನ ಅಂದರೆ ಎಪ್ಪತ್ತು ನಿಮಿಷ ಅಂತ ತೋರಿಸಿತು. ಅಪ್ಪನ ಸಲಹೆ ನೆನಪಾಗಿ ಬಾಗಿಲಲ್ಲಿದ್ದವಳನ್ನೇ ಕೇಳಿದೆ. ನಾಲ್ಕು ಮತ್ತು ಎರಡು ಅಂತ ಬೇರೆ ಬೇರೆ ಕೂತರೆ? ಅವಳು ಪರದೆಯ ಮೇಲೆ ಬೆರಳಾಡಿಸಿ, ಮೂವತ್ತೈದು ಅಂದಳು. ಆರು ಕುರ್ಚಿಯ ಟೇಬಲ್ಲುಗಳು ಕಡಿಮೆ, ಅವಕ್ಕೆ ಜಗಳ ಜಾಸ್ತಿ. ಇಬ್ಬರ ಟೇಬಲ್ಲು ಬೇಗ ಬೇಗ ಖಾಲಿಯಾಗುತ್ತದೆ.

ಆದರೆ ಇಬ್ಬರು ಅಂದರೆ ಯಾರು? ಅಪ್ಪ ಅಮ್ಮನನ್ನು ಕೂರಿಸಿದರೆ ಆರ್ಡರ್ ಹೇಳುವವರಿಲ್ಲ. ನಾವಿಬ್ಬರು ಕೂತರೆ ಆ ಕಡೆಯದು ಬರೀ ಮಕ್ಕಳು ಮುದುಕರ ಪಂಕ್ತಿ. ಕೊನೆಗೆ ನಾನು ಮತ್ತು ಅಮ್ಮ ಒಂದು ಕಡೆ, ಹೆಂಡತಿ, ಮಕ್ಕಳು, ಅಪ್ಪ ಇನ್ನೊಂದು ಕಡೆ ಅಂತ ತೀರ್ಮಾನವಾಯಿತು. ಒಂದೊಂದು ಟೇಬಲ್ಲಿಗೂ ಮೆನು ಓದಬಲ್ಲ ಒಬ್ಬರು ಇರಲೇಬೇಕು. ಊಟದ ಲೆಕ್ಕಕ್ಕಿಂತ ಈ ಲೆಕ್ಕ ಕಷ್ಟದ್ದು.

ಮೂವತ್ತೈದು ನಿಮಿಷ ಎಲ್ಲಿ ಕಳೆಯುವುದು? ಹತ್ತಿರದಲ್ಲೇ ಟಿಕಿ ರೂಮ್ ಇದೆ. ಏಸಿ, ಬೆಂಚು, ಮೇಲೆ ಯಂತ್ರದ ಗಿಳಿಗಳು ಹಾಡುತ್ತವೆ. ಕಾಯುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಆ ಪಾರ್ಕಿನಲ್ಲಿ ನನಗೆ ಕಾಣಲಿಲ್ಲ. ಅಪ್ಪ ಎರಡನೇ ಹಾಡಿಗೇ ತೂಕಡಿಸಿದರು. ನಾನು ಈ ಸಲ ಫೋನ್ ಜೇಬಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡು, ಪವರ್ ಬ್ಯಾಂಕಿನ ಬಾಲ ಸಿಕ್ಕಿಸಿ, ಯಾರಿಗೂ ಮುಟ್ಟಗೊಡದೆ ಕಾದೆ. ಸಂದೇಶ ಬಂತು. ಅಪ್ಪನನ್ನು ಎಬ್ಬಿಸಿಕೊಂಡು ಓಡಿದೆವು.

ಅದೃಷ್ಟಕ್ಕೆ ಎರಡೂ ಟೇಬಲ್ಲು ಅಕ್ಕಪಕ್ಕವೇ ಸಿಕ್ಕವು, ನಡುವೆ ಒಂದು ಮೊಳ. ಬಡಿಸುವವರು ಇಲ್ಲಿ ಕಾಡಿನ ದೋಣಿ ನಡೆಸುವವರ ವೇಷದಲ್ಲಿ ಜೋಕು ಹೊಡೆಯುತ್ತಾ ಇರುತ್ತಾರೆ. ಎಲ್ಲ ಇಂಗ್ಲಿಷಿನ ಪದಚಮತ್ಕಾರ. ಅಪ್ಪನಿಗೆ ಒಂದೂ ಅರ್ಥವಾಗಲಿಲ್ಲ. ಆದರೆ ಆ ಹುಡುಗ ಜೋಕು ಹೇಳಿ ತಾನೇ ಕಾದು ನಿಲ್ಲುವ ರೀತಿಗೆ ನಕ್ಕರು. ಮೆನುವಿನಲ್ಲಿ ಎಲೆಯ ಗುರುತು ಇದ್ದರೆ ಅದು ಪೂರ್ತಿ ಸಸ್ಯದ್ದು, ಹಾಲು ಮೊಟ್ಟೆ ಕೂಡ ಇಲ್ಲ ಅಂತ ಅರ್ಥ. ಅಮ್ಮನಿಗೆ ಎಲೆಯ ಗುರುತಿನ ನೂಡಲ್ಸ್ ಬಂತು. ಅಮ್ಮ ಮೆಲ್ಲಗೆ ಕೈಚೀಲಕ್ಕೆ ಕೈ ಹಾಕಿದರು. ನಾನು ಆ ಕಡೆ ನೋಡಲಿಲ್ಲ.

ಸಂಜೆ ಮೆರವಣಿಗೆಗೆ ಜನ ಸೇರಿ ಉಸಿರಾಡಲೂ ಜಾಗ ಇರಲಿಲ್ಲ. ಪಾರ್ಕಿನಿಂದಲೇ ಹೊರಬಿದ್ದು ಪಕ್ಕದ ಕಂಟೆಂಪರರಿ ಹೋಟೆಲಿಗೆ ನಡೆದೆವು, ಹತ್ತು ನಿಮಿಷದ ದಾರಿ. ಕಟ್ಟಡದ ಹೊಟ್ಟೆಯೊಳಗಿಂದಲೇ ಮೊನೊರೈಲು ಹಾದುಹೋಗುತ್ತದೆ. ಅಪ್ಪ ಮೂರು ರೈಲು ನೋಡಿ ತೃಪ್ತರಾದರು. ಅಲ್ಲಿನ ಊಟದ ಮನೆಯ ಹೆಸರು ಸ್ಟೇಕ್‌ಹೌಸ್ 71. ಸ್ಟೇಕ್ ಅಂದರೆ ದನದ ಮಾಂಸ, ಆ ಅರ್ಥ ಅಮ್ಮನಿಗೆ ಹೇಳಲಿಲ್ಲ. ಅದರ ಲೌಂಜಿನಲ್ಲಿ ಬಂದವರಿಗೆ ಬಂದ ಹಾಗೆ ಜಾಗ. ಫ್ರೈಸ್, ಸಲಾಡ್, ಮೆತ್ತನೆಯ ಕುರ್ಚಿ, ಮುಗೀತು. ಪಾರ್ಕಿನೊಳಗೇ ಟೇಬಲ್ಲು ಬೇಕು ಅಂತ ಗುದ್ದಾಡುವುದಕ್ಕಿಂತ ಇದು ಎಷ್ಟೋ ವಾಸಿ. ಹೀಗೆ ಪಾರ್ಕಿನ ಹೊರಗೆ, ಉಳಿಯುವ ಹೋಟೆಲುಗಳಲ್ಲಿ ಉಣ್ಣಲು ಪಾರ್ಕಿನ ಟಿಕೆಟ್ಟು ಬೇಕಾಗಿಲ್ಲ, ಅಲ್ಲೇ ಉಳಿದುಕೊಂಡಿರಬೇಕು ಅಂತಲೂ ಇಲ್ಲ.

ಮೂರನೇ ದಿನ ಅನಿಮಲ್ ಕಿಂಗ್‌ಡಮ್. ಇಲ್ಲಿ ಏಷ್ಯಾ ಅಂತ ಒಂದು ಭಾಗ. ಅದಕ್ಕೊಂದು ಕಾಲ್ಪನಿಕ ಊರಿನ ಹೆಸರಿಟ್ಟಿದ್ದಾರೆ, ಆನಂದಪುರ. ಹಳೇ ಗೋಡೆ, ಬಾವುಟ, ಸೈಕಲ್ಲು, ಬಣ್ಣ ಮಾಸಿದ ಜಾಹೀರಾತು, ಎಲ್ಲ ಇದೆ. "ಸಾಗರದ ದಾರೀಲಿ ಬರುತ್ತಲ್ಲ, ಆ ಆನಂದಪುರಾನಾ?" ಅಂದರು ಅಪ್ಪ. ಜೋಗಕ್ಕೆ ಹೋಗುವಾಗ ಅಲ್ಲಿ ಕಾಫಿಗೆ ನಿಲ್ಲಿಸುತ್ತಿದ್ದೆವು. ಆ ಆನಂದಪುರದಲ್ಲಿ ಬುಕಿಂಗ್ ಬೇಕಿರಲಿಲ್ಲ.

ಮಧ್ಯಾಹ್ನದ್ದು ಕ್ವಿಕ್ ಸರ್ವಿಸಿನಲ್ಲೇ ಮುಗಿಸಿದೆವು. ಬೆಳಗ್ಗೆಯೇ ಫೋನಿನಲ್ಲಿ ಹನ್ನೆರಡರ ಹೊತ್ತಿನ ಆರ್ಡರ್ ಹಾಕಿಟ್ಟಿದ್ದೆ. ಮನಸ್ಸೆಲ್ಲ ಸಂಜೆಯ ಮೇಲಿತ್ತು. ಅನಿಮಲ್ ಕಿಂಗ್‌ಡಮ್ ಲಾಡ್ಜ್ ಅಂತ ಡಿಸ್ನಿಯ ಹೋಟೆಲು, ಅದರಲ್ಲಿ ಕಿಡಾನಿ ವಿಲೇಜ್ ಅನ್ನುವ ಭಾಗ. ಅಲ್ಲಿ ಸನಾ ಅನ್ನುವ ಊಟದ ಮನೆ. 2009ರಿಂದ ಇದೆ. ಸ್ವಾಹಿಲಿಯಲ್ಲಿ ಸನಾ ಅಂದರೆ ಕಲೆ. ಆಫ್ರಿಕದ ಅಡುಗೆಗೆ ಭಾರತದ ಮಸಾಲೆ ಸೇರಿದ ರುಚಿ. ಕಿಟಕಿಯಾಚೆ ಹುಲ್ಲುಗಾವಲು, ಅದರಲ್ಲಿ ನಿಜವಾದ ಜಿರಾಫೆ, ಜೀಬ್ರಾ.

ಮೂರು ಗಂಟೆಗೆ ಪಾರ್ಕಿನಿಂದ ಬಸ್ಸು ಹತ್ತಿದೆವು. ದುಡ್ಡು ಕೇಳಲಿಲ್ಲ, ಯಾರು ನೀವು ಅಂತಲೂ ಕೇಳಲಿಲ್ಲ. ಮಧ್ಯಾಹ್ನದ ಊಟದವರು ಎದ್ದು, ರಾತ್ರಿಯವರು ಇನ್ನೂ ಬಾರದ ಹೊತ್ತಿಗೆ ತಲುಪಬೇಕು ಅನ್ನುವುದು ನನ್ನ ಲೆಕ್ಕ. ಇನ್ನೊಂದು ಲೆಕ್ಕ, ಡಿಸೆಂಬರಿನಲ್ಲಿ ಐದೂವರೆ ದಾಟಿದರೆ ಕತ್ತಲು. ಆಮೇಲೆ ಕಿಟಕಿಯಲ್ಲಿ ಕಾಣುವುದು ನಮ್ಮ ಮುಖವೇ.

ಫೋನಿನಲ್ಲಿ ಪಟ್ಟಿ ಮುಚ್ಚಿದೆ ಅಂತಿತ್ತು. ಮೊದಲ ದಿನದ ನಾನಾಗಿದ್ದರೆ ಅಲ್ಲಿಗೇ ಬಸ್ಸಿಗೆ ವಾಪಸು ಹೋಗುತ್ತಿದ್ದೆ. ಈ ಸಲ ಬಾಗಿಲಲ್ಲಿದ್ದ ವಯಸ್ಸಾದ ಮಹಿಳೆಯ ಹತ್ತಿರ ಹೋಗಿ, ಟೇಬಲ್ ಇದೆಯಾ ಅಂತ ಕೇಳದೆ, ಪಟ್ಟಿ ಮತ್ತೆ ಎಷ್ಟು ಹೊತ್ತಿಗೆ ತೆಗೆಯಬಹುದು ಅಂತ ಕೇಳಿದೆ. ಮೊದಲನೆಯದಕ್ಕೆ ಇಲ್ಲ ಅನ್ನುವುದು ಸುಲಭ. ಎರಡನೆಯದಕ್ಕೆ ಅವರು ಸ್ವಲ್ಪ ಯೋಚಿಸಿದರು. ಅಪ್ಪನ ಕೈಯಲ್ಲಿದ್ದ ಕೋಲು ನೋಡಿದರು. "ಇಪ್ಪತ್ತು ನಿಮಿಷ ಬಿಟ್ಟು ಬನ್ನಿ, ಸಂದೇಶ ಗಿಂದೇಶ ಅಂತ ಕಾಯಬೇಡಿ, ನನ್ನ ಹತ್ತಿರವೇ ಬನ್ನಿ" ಅನ್ನುವ ಅರ್ಥದಲ್ಲಿ ಏನೋ ಹೇಳಿದರು. ಹೊರಗಿನ ಕಟ್ಟೆಯಲ್ಲಿ ಜಿರಾಫೆ ನೋಡುತ್ತಾ ಕೂತೆವು. ಹದಿನೆಂಟನೇ ನಿಮಿಷಕ್ಕೆ ಹೋಗಿ ನಿಂತೆ. ಹೆಸರು ಬರೆದುಕೊಂಡರು. ನಾಲ್ಕೂವರೆಗೆ ಕಿಟಕಿ ಪಕ್ಕದ ಟೇಬಲ್ಲು. ಆರು ಕುರ್ಚಿ. ಒಟ್ಟಿಗೆ.

ಬ್ರೆಡ್ ಸರ್ವಿಸ್ ಅಂತ ಇಲ್ಲಿಯ ಹೆಸರುವಾಸಿ ಐಟಂ. ಬ್ರೆಡ್ ಅಂದಾಗ ಅಮ್ಮ ಮುಖ ಸಿಂಡರಿಸಿದರು. ಬಂದದ್ದು ನಾನ್, ಬೆಳ್ಳುಳ್ಳಿ ಶುಂಠಿ ನಾನ್, ಈರುಳ್ಳಿ ಕುಲ್ಚಾ, ಪನೀರ್ ಪರಾಠ, ಎಲ್ಲ ಬಿಸಿಬಿಸಿ, ತ್ರಿಕೋನವಾಗಿ ಕತ್ತರಿಸಿದ್ದು. ನಂಜಿಕೊಳ್ಳಲು ಒಂಬತ್ತು ಪುಟ್ಟ ಬಟ್ಟಲು. ಸೌತೆಕಾಯಿ ರಾಯತ, ಮಾವಿನ ಚಟ್ನಿ, ಹುಣಸೆ ಚಟ್ನಿ, ಕೊತ್ತಂಬರಿ ಚಟ್ನಿ, ಬೆಳ್ಳುಳ್ಳಿ ಉಪ್ಪಿನಕಾಯಿ, ಹೀಗೆ. ಅಮ್ಮ ಎಡದಿಂದ ಶುರು ಮಾಡಿ ಒಂದೊಂದರಲ್ಲೂ ಬೆರಳ ತುದಿ ಅದ್ದಿ ಪರೀಕ್ಷೆ ಮಾಡಿದರು. ರಾಯತ ಪಾಸು. ಕೊತ್ತಂಬರಿ ಪಾಸು. ಟೊಮೇಟೊ ಖರ್ಜೂರದ ಜಾಮಿಗೆ ಹುಬ್ಬೇರಿಸಿದರು, ಎರಡನೇ ಸಲ ಅದ್ದಿದರು. ಬೆಳ್ಳುಳ್ಳಿ ಉಪ್ಪಿನಕಾಯಿ ಹತ್ತಿರ ನಿಂತು, "ಇದನ್ನ ಮಾಡಿದೋರು ಯಾರೋ ನಮ್ಮೋರೇ ಇರ್ಬೇಕು" ಅಂದರು. ಮೂರು ದಿನದಲ್ಲಿ ಕೈಚೀಲಕ್ಕೆ ಕೈ ಹಾಕದೆ ಅವರು ಮುಗಿಸಿದ ಮೊದಲ ಊಟ ಅದು.

ಅಪ್ಪ ತಟ್ಟೆಗಿಂತ ಕಿಟಕಿಯನ್ನೇ ಹೆಚ್ಚು ನೋಡುತ್ತಿದ್ದರು. ಜಿರಾಫೆಯನ್ನಲ್ಲ. ಅದರ ಹಿಂದೆ ಕಂದು ಬಣ್ಣದ ದನವೊಂದು ನಿಂತಿತ್ತು. ಕೊಂಬು ಅಂದರೆ ಅಂಥಿಂಥ ಕೊಂಬಲ್ಲ, ಬುಡದಲ್ಲಿ ನನ್ನ ತೊಡೆಯಷ್ಟು ದಪ್ಪ, ಮೇಲೆ ವೀಣೆಯ ಹಾಗೆ ಬಾಗಿದ್ದು. ಬಡಿಸುವವಳನ್ನು ಕೇಳಿದೆ. ಅಂಕೋಲೆ ಅಂದಳು. ಉಗಾಂಡದ ಅಂಕೋಲೆ ಸೀಮೆಯ ತಳಿಯಂತೆ.

"ಅಂಕೋಲಾದ್ದಾ? ಕಾರವಾರದ ಹತ್ರದ್ದು?" ಅಂದರು ಅಪ್ಪ. ನಾವು ನಕ್ಕೆವು. ಅವರು ನಗಲಿಲ್ಲ. ಹಳ್ಳಿಕಾರ್ ಎತ್ತುಗಳ ಜೋಡಿ ಸಾಕಿದ್ದ ಮನೆಯವರು ಅವರು. ಕೊಂಬಿನ ಅಂತರವನ್ನು ಎರಡು ಕೈ ಚಾಚಿ ಅಳೆದರು. "ಇದನ್ನ ನೊಗಕ್ಕೆ ಹೆಂಗೆ ಕಟ್ತಾರೆ? ಪಕ್ಕದ್ದಕ್ಕೆ ಕಣ್ಣು ಹೋಗಲ್ವಾ?" ನನ್ನ ಹತ್ತಿರ ಉತ್ತರವಿರಲಿಲ್ಲ. ಮಗಳು ಫೋನಿನಲ್ಲಿ ಹುಡುಕತೊಡಗಿದಳು.

ಹೊರಗೆ ಬೆಳಕು ಇಳಿಯುತ್ತಿತ್ತು. ಐದನೇ ನಾನ್ ಬುಟ್ಟಿಯಲ್ಲಿತ್ತು, ಬಿಲ್ಲು ಇನ್ನೂ ಬಂದಿರಲಿಲ್ಲ. ಇಲ್ಲಿ ಯಾರೂ ಏಳಿ ಅನ್ನುವುದಿಲ್ಲ, ಕುರ್ಚಿಯ ಹಿಂದೆ ಬಂದು ನಿಂತು ನಮ್ಮ ಕಾಫಿಯ ಲೋಟ ದಿಟ್ಟಿಸುವುದೂ ಇಲ್ಲ. ಇನ್ನೂ ಅರ್ಧ ಗಂಟೆ ಕೂರಬಹುದಿತ್ತು. ಅಷ್ಟರಲ್ಲಿ ಅಪ್ಪ ಬಾಗಿಲ ಕಡೆ ತಿರುಗಿದರು. ಅಲ್ಲಿ ಒಂದು ಕುಟುಂಬ, ಮಗು ಹೆಗಲ ಮೇಲೆ ನಿದ್ದೆ ಹೋಗಿದೆ, ತಂದೆ ಫೋನ್ ನೋಡುತ್ತಿದ್ದಾನೆ, ನಾನು ಮೊದಲ ದಿನ ನೋಡುತ್ತಿದ್ದ ಹಾಗೆಯೇ.

ಅಪ್ಪ ಕೋಲು ತೆಗೆದುಕೊಂಡು ಎದ್ದು ನಿಂತರು.

"ಏಳ್ರೋ, ಜನ ಕಾಯ್ತಿದ್ದಾರೆ."